ಹೆಸರು ಮತ್ತು ಲಕ್ಷಣ: ಕಲಬುರಗಿ ಪ್ರದೇಶದ ಸಸ್ಯ ಕೈಪಿಡಿಗಳ ಚಾರಿತ್ರಿಕ ವಿವೇಚನೆ

೧

ಶಾಸನಗಳನ್ನೂ ಹಳೆಯ ಓಲೆಯ ಕಟ್ಟುಗಳನ್ನೂ ಓದುವವರಿಗೆ ಗಿಡಮರಗಳ ಹೆಸರು ಅಪರಿಚಿತವಲ್ಲ. ದತ್ತಿಯ ಭೂಮಿಗೆ ಎಲ್ಲೆಯನ್ನು ಹೇಳುವಾಗ ಶಾಸನಕಾರನು ಕಲ್ಲನ್ನೂ ಹಳ್ಳವನ್ನೂ ಹೇಳುವಂತೆ ಮರವನ್ನೂ ಹೇಳುವನು. ವೈದ್ಯಗ್ರಂಥಗಳಲ್ಲಂತೂ ಪ್ರತಿಯೊಂದು ಪದ್ಯದಲ್ಲಿ ಎರಡು ಮೂರು ಮೂಲಿಕೆಗಳ ಹೆಸರು ಬರುವುದುಂಟು. ಇಂಥ ಗ್ರಂಥಗಳನ್ನು ಸಂಪಾದಿಸುವಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಶಬ್ದಕೋಶದಲ್ಲಿ ನೋಡಿ, ಹೆಸರಿನ ಎದುರಿಗೆ 'ಒಂದು ಜಾತಿಯ ಗಿಡ' ಎಂದು ಬರೆದು ಮುಂದೆ ಸಾಗುತ್ತೇವೆ. ರಾಜನ ಹೆಸರಿನ ಎದುರಿಗೆ 'ಒಬ್ಬ ರಾಜ' ಎಂದು ಬರೆದು ಸುಮ್ಮನಾಗುವ ಸಂಶೋಧಕನನ್ನು ಯಾರೂ ಮೆಚ್ಚಲಾರರು. ಗಿಡದ ವಿಷಯದಲ್ಲಿ ಮಾತ್ರ ಈ ಸಡಿಲಿಕೆಯನ್ನು ನಾವೆಲ್ಲರೂ ಒಪ್ಪಿಕೊಂಡಿದ್ದೇವೆ.

ಈ ಸಡಿಲಿಕೆಗೆ ಸೋಮಾರಿತನವೊಂದೇ ಕಾರಣವೆಂದು ಹೇಳಲಾಗದು. ಗಿಡವನ್ನು ಕಂಡು ಅದರ ಹೆಸರನ್ನು ನಿಶ್ಚಯಿಸುವುದಕ್ಕೆ, ಅಥವಾ ಹೆಸರನ್ನು ಹಿಡಿದು ಗಿಡವನ್ನು ನಿಶ್ಚಯಿಸುವುದಕ್ಕೆ, ತಕ್ಕ ಕೈಪಿಡಿ ಬೇಕು. ಅಂಥ ಕೈಪಿಡಿ ನಮ್ಮ ಕಲಬುರಗಿ ಪ್ರದೇಶಕ್ಕೆ ಬಹುಕಾಲ ಇರಲಿಲ್ಲ. ಏಕೆ ಇರಲಿಲ್ಲ, ಎಂದು ಬಂದಿತು, ಬಂದುದರಿಂದ ಏನು ಲಭಿಸಿತು, ಇನ್ನೂ ಏನು ಉಳಿದಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಯತ್ನಿಸಲಾಗಿದೆ. ನಾವು ಸಸ್ಯಶಾಸ್ತ್ರಜ್ಞರಲ್ಲ. ವಿಶ್ವವಿದ್ಯಾಲಯದ ಸಮೀಪದ ಕುಸನೂರ ಗ್ರಾಮದ ಹೊಲಗಳ ಬದುವಿನಲ್ಲಿ, ಮಳೆಗಾಲ ಕಳೆದು ತೊಗರಿ ಹೂ ಹಿಡಿಯುವ ದಿನಗಳಲ್ಲಿ, ವಿದ್ಯಾರ್ಥಿಗಳೊಡನೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನಡೆದ ಅಭ್ಯಾಸವಷ್ಟೇ ನಮ್ಮ ಬಂಡವಾಳ.

೨

ಕನ್ನಡದಲ್ಲಿ ಸಸ್ಯಜ್ಞಾನದ ಪರಂಪರೆ ಹೊಸದೇನೂ ಅಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. ೧೦೨೫ರ ಸುಮಾರಿಗೆ, ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ಜ್ಯೋತಿಷ, ವಾಸ್ತು, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ಒಳಗೊಂಡಿದೆ. ನೆಲದೊಳಗಿನ ನೀರನ್ನು ಕಂಡುಹಿಡಿಯುವ ಉಪಾಯಗಳೂ ಅದರಲ್ಲಿವೆ. ಇಂಥ ಮರದ ಸಮೀಪದಲ್ಲಿ ಇಂಥ ಚಿಹ್ನೆ ಇದ್ದರೆ ಇಷ್ಟು ಆಳದಲ್ಲಿ ನೀರುಂಟು ಎಂಬ ಬಗೆಯ ಸೂಚನೆಗಳು ಈ ಶಾಸ್ತ್ರದ ತಿರುಳು. ಮರ ಯಾವುದೆಂಬುದೇ ತಪ್ಪಿದರೆ ಸೂಚನೆಯೆಲ್ಲ ವ್ಯರ್ಥವೆಂಬುದು ಸ್ಪಷ್ಟ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷಗಳನ್ನೂ ಅವುಗಳ ಪರಿಹಾರವನ್ನೂ ಹೇಳುವ ಗ್ರಂಥ. ಅಲ್ಲಿ ಗಿಡವನ್ನು ತಪ್ಪಿ ಗ್ರಹಿಸಿದರೆ ಆಗುವ ಹಾನಿ ಕಾಗದದ ಮೇಲಿನ ಹಾನಿಯಲ್ಲ.

ಇದೇ ಬಗೆಯ ಇನ್ನೊಂದು ಸಾಕ್ಷ್ಯ ಸಂಸ್ಕೃತದ ನಿಘಂಟುಗಳಲ್ಲಿದೆ. ನರಹರಿ ಪಂಡಿತನ 'ರಾಜನಿಘಂಟು'ವು ಮೂಲಿಕೆಗಳ ಸಂಸ್ಕೃತ ಪರ್ಯಾಯಗಳನ್ನು ಹೇಳುತ್ತ, ಅವುಗಳ ಅರ್ಥವನ್ನು ಕರ್ಣಾಟ ಮತ್ತು ಮಹಾರಾಷ್ಟ್ರ ಭಾಷೆಗಳಲ್ಲಿ ವಿಶದಪಡಿಸುವುದಾಗಿ ತಾನೇ ಹೇಳಿಕೊಂಡಿದೆ. ಕನ್ನಡ ಮರಾಠಿಗಳೆರಡೂ ಬೆರೆತು ನಡೆಯುವ ನಮ್ಮಂಥ ಪ್ರದೇಶಕ್ಕೆ ಇದು ಬಹು ಮುಖ್ಯವಾದ ಸಂಗತಿ.

ಆದರೆ ಈ ಗ್ರಂಥಗಳೆಲ್ಲಕ್ಕೂ ಸಮಾನವಾದ ಒಂದು ಕೊರತೆಯುಂಟು. ಅವು ಗಿಡವನ್ನು ಮೊದಲೇ ಬಲ್ಲವರಿಗಾಗಿ ಬರೆದವು. ಹೆಸರನ್ನೂ ಪರ್ಯಾಯ ಹೆಸರುಗಳನ್ನೂ ಗುಣವನ್ನೂ ಅವು ಹೇಳುವುವು. ಎಲೆ ಎದುರುಬದುರೋ ಪರ್ಯಾಯವೋ, ದಳಗಳು ಬಿಡಿಯೋ ಕೂಡಿದವೋ, ಕೇಸರಗಳೆಷ್ಟು ಎಂಬುದನ್ನು ಕ್ರಮವಾಗಿ ಹೇಳುವುದಿಲ್ಲ. ಅದನ್ನು ಗುರುವು ಶಿಷ್ಯನಿಗೆ ಹೊಲದಲ್ಲಿ ಬೆರಳು ತೋರಿಸಿ ಹೇಳುತ್ತಿದ್ದನು. ಬೆರಳು ಇಲ್ಲವಾದ ಮೇಲೆ ಹೆಸರು ಮಾತ್ರ ಉಳಿಯಿತು. ಉಳಿದ ಹೆಸರು ಊರಿಂದೂರಿಗೆ ಬೇರೆ ಬೇರೆ ಗಿಡಗಳಿಗೆ ಅಂಟಿಕೊಂಡಿತು.

ಒಂದು ನಿದರ್ಶನ ಸಾಕು. 'ಬ್ರಹ್ಮದಂಡೆ' ಎಂದರೆ ಯಾವ ಗಿಡ? ಕನ್ನಡನಾಡಿನ ಬಹುಭಾಗದಲ್ಲಿ ಈ ಹೆಸರು ಮುಳ್ಳಿನ ಎಲೆಗಳ, ದುಂಡನೆಯ ಚೆಂಡಿನಂಥ ಹೂಗೊಂಡೆಯುಳ್ಳ ಎಕೈನಾಪ್ಸ್ ಎಕಿನೇಟಸ್ ಎಂಬ ಗಿಡಕ್ಕೆ ಸಲ್ಲುತ್ತದೆ. ಮರಾಠಿಯ ವೈದ್ಯರಿಗೆ ಬ್ರಹ್ಮದಂಡಿಯೆಂದರೆ ಟ್ರೈಕೋಲೆಪಿಸ್ ಗ್ಲಾಬೆರಿಮ. ತಮಿಳಿನಲ್ಲಿಯೂ, ಕೆಲವೆಡೆ ಕನ್ನಡದಲ್ಲಿಯೂ, ಹಳದಿ ಹೂವಿನ ದತ್ತೂರಿ ಗಿಡ, ಎಂದರೆ ಆರ್ಜಿಮೋನ್ ಮೆಕ್ಸಿಕಾನ, ಇದೇ ಹೆಸರನ್ನು ಹೊತ್ತಿದೆ. ಮೊದಲಿನವೆರಡು ಸೇವಂತಿಗೆ ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದವು. ಮೂರನೆಯದು ಗಸಗಸೆಯ ಕುಟುಂಬದ್ದು, ವಿಷಯುಕ್ತವಾದುದು. ಅದರ ಕರಿಯ ಸಣ್ಣ ಬೀಜ ಸಾಸಿವೆಯನ್ನು ಹೋಲುವುದರಿಂದ ಅದರ ಎಣ್ಣೆ ಅಡುಗೆಯ ಎಣ್ಣೆಯಲ್ಲಿ ಬೆರೆತು ಜನರಿಗೆ ಮೈಬಾವು ಬಂದು ಸಾವುಗಳು ಸಂಭವಿಸಿದ ಪ್ರಸಂಗಗಳುಂಟು. ೧೯೯೮ರಲ್ಲಿ ದೆಹಲಿಯಲ್ಲಿ ಸಂಭವಿಸಿದ ಅನಾಹುತವು ಇವುಗಳಲ್ಲಿ ಕುಪ್ರಸಿದ್ಧವಾದುದು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗೂ ಒಂದು ಪಾಠವಿದೆ. ಆರ್ಜಿಮೋನ್ ಅಮೆರಿಕ ಖಂಡದ ಗಿಡ. ಯುರೋಪಿನ ನಾವಿಕರು ಆ ಖಂಡವನ್ನು ತಲುಪಿದ ಮೇಲೆಯೇ ಅದು ನಮ್ಮ ನೆಲಕ್ಕೆ ಬಂದಿತು. ಆದುದರಿಂದ ಹದಿನಾರನೆಯ ಶತಮಾನಕ್ಕಿಂತ ಹಿಂದಿನ ಗ್ರಂಥದಲ್ಲಿ ಬ್ರಹ್ಮದಂಡಿಯ ಹೆಸರು ಬಂದರೆ ಅದು ಇಂದು ಬದುವಿನಲ್ಲಿ ಕಾಣುವ ಈ ಹಳದಿ ಹೂವಿನ ಗಿಡವಾಗಿರಲು ಸಾಧ್ಯವಿಲ್ಲ. ಹಳೆಯ ಔಷಧಯೋಗವನ್ನು ಅನುವಾದಿಸಿ ಅಚ್ಚು ಹಾಕಿಸುವವರು ಈ ವಿವೇಚನೆಯನ್ನು ಮಾಡದಿದ್ದರೆ ಓದುಗನ ಪ್ರಾಣಕ್ಕೆ ಸಂಚಕಾರ ತಂದಾರು.

೩

ಲಕ್ಷಣವನ್ನು ಹಿಡಿದು ಗಿಡವನ್ನು ಗುರುತಿಸುವ ಪುಸ್ತಕಗಳು ಬೇರೊಂದು ದಾರಿಯಿಂದ ಬಂದವು. ಲಿನೇಯಸನು ೧೭೫೩ರಲ್ಲಿ ಎರಡು ಪದಗಳ ಹೆಸರಿನ ಪದ್ಧತಿಯನ್ನು ಸಸ್ಯಗಳೆಲ್ಲಕ್ಕೂ ಅನ್ವಯಿಸಿದನು. ಫ್ರಾನ್ಸಿನ ಲಮಾರ್ಕನು ೧೭೭೮ರ ತನ್ನ ಗ್ರಂಥದಲ್ಲಿ, ಎರಡೆರಡು ಪ್ರತಿಕೂಲ ಲಕ್ಷಣಗಳನ್ನು ಎದುರುಬದುರಾಗಿ ಇಟ್ಟು, ಓದುಗನು ಒಂದನ್ನು ಆಯ್ದು ಮುಂದಿನ ಜೋಡಿಗೆ ಹೋಗುವಂತೆ ಏರ್ಪಡಿಸಿದನು. ಸಸ್ಯಶಾಸ್ತ್ರಜ್ಞರು 'ಕೀ' ಎಂದು ಕರೆಯುವುದು ಈ ಪ್ರಶ್ನಾವಳಿಯನ್ನೇ. ಗುರುವಿನ ಬೆರಳು ಮಾಡುತ್ತಿದ್ದ ಕೆಲಸವನ್ನು ಪ್ರಶ್ನೆಗಳ ಕ್ರಮ ಮಾಡತೊಡಗಿತು.

ಭಾರತದಲ್ಲಿ ಹೆಸರು ಮತ್ತು ಲಕ್ಷಣ ಎರಡನ್ನೂ ಒಂದೆಡೆ ತರುವ ದೊಡ್ಡ ಯತ್ನ 'ಹೊರ್ತುಸ್ ಮಲಬಾರಿಕುಸ್'. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ಇಟ್ಟಿ ಅಚ್ಯುತನ್ ಎಂಬ ವೈದ್ಯರ ಹಾಗೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ಪಂಡಿತರ ನೆರವಿನಿಂದ ಸಿದ್ಧಪಡಿಸಿದ ಈ ಗ್ರಂಥ ೧೬೭೮ರಿಂದ ೧೬೯೩ರವರೆಗೆ ೧೨ ಸಂಪುಟಗಳಲ್ಲಿ ಹೊರಬಂದಿತು. ದೇಶೀಯ ವಿದ್ವಾಂಸರ ಹೆಸರು ಮುದ್ರಣದಲ್ಲಿ ಉಳಿದುದು ಇದರ ವೈಶಿಷ್ಟ್ಯ. ಮುಂದಿನ ಗ್ರಂಥಗಳಲ್ಲಿ ಇಂಥ ಔದಾರ್ಯ ವಿರಳ. ಮದರಾಸಿನಲ್ಲಿದ್ದ ರಾಬರ್ಟ್ ವೈಟನಿಗೆ ಚಿತ್ರ ಬರೆದುಕೊಟ್ಟ ರಂಗಯ್ಯ, ಗೋವಿಂದು ಎಂಬವರ ಹೆಸರು ತಿಳಿದುಬರುತ್ತದೆ. ಹೊಲದಿಂದ ಗಿಡ ತಂದು ಹೆಸರು ಹೇಳಿದ ಅಸಂಖ್ಯರ ಹೆಸರು ತಿಳಿಯದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಾರ್ಯ ಆಡಳಿತದ ಎಲ್ಲೆಗಳನ್ನು ಅನುಸರಿಸಿ ನಡೆಯಿತು. ಹೂಕರ್ ಸಂಪಾದಿಸಿದ 'ಫ್ಲೋರ ಆಫ್ ಬ್ರಿಟಿಷ್ ಇಂಡಿಯ' ೧೮೭೨ರಿಂದ ೧೮೯೭ರವರೆಗೆ ಏಳು ಸಂಪುಟಗಳಲ್ಲಿ ಪೂರ್ಣವಾಯಿತು. ಇಡೀ ದೇಶಕ್ಕಾಗಿ ಬರೆದ ಆ ಗ್ರಂಥ ಹೊಲದ ಬದುವಿನಲ್ಲಿ ಕುಳಿತವನಿಗೆ ತೀರ ವಿಸ್ತಾರವಾಗುತ್ತದೆ. ಅದರ ಆಧಾರದ ಮೇಲೆ ಪ್ರಾಂತಗಳಿಗೆ ಪ್ರತ್ಯೇಕ ಗ್ರಂಥಗಳು ಬಂದವು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೊಡೋರ್ ಕುಕ್ ಅವರು ಬೊಂಬಾಯಿ ಪ್ರಾಂತದ ಸಸ್ಯಗಳ ಗ್ರಂಥವನ್ನು ೧೯೦೧ರಿಂದ ೧೯೦೮ರವರೆಗೆ ಪ್ರಕಟಿಸಿದರು. ಟಾಲ್ಬಟ್ ಎಂಬ ಅರಣ್ಯಾಧಿಕಾರಿ ೧೯೦೯–೧೯೧೧ರಲ್ಲಿ ಅದೇ ಪ್ರಾಂತದ ಅರಣ್ಯ ಸಸ್ಯಗಳ ಗ್ರಂಥವನ್ನು ಹೊರತಂದರು. ಮದರಾಸು ಪ್ರಾಂತಕ್ಕೆ ಗ್ಯಾಂಬಲ್ ೧೯೧೫ರಲ್ಲಿ ಆರಂಭಿಸಿದ ಕಾರ್ಯವನ್ನು, ೧೯೨೫ರಲ್ಲಿ ಅವರು ತೀರಿಕೊಂಡ ಮೇಲೆ, ಫಿಷರ್ ೧೯೩೬ರಲ್ಲಿ ಮುಗಿಸಿದರು. ಮೈಸೂರು ಮತ್ತು ಕೊಡಗಿನ ಅರಣ್ಯ ವೃಕ್ಷಗಳ ಬಗೆಗೆ ಲಾಲ್‌ಬಾಗಿನ ಕ್ಯಾಮರನ್ ಅವರ ಪುಸ್ತಕ ೧೮೯೪ರಲ್ಲಿ ಅಚ್ಚಾಯಿತು. ಅದೇ ವರ್ಷ ಮಂಗಳೂರಿನಲ್ಲಿ ಮುದ್ರಿತವಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅನೇಕ ಸಸ್ಯನಾಮಗಳಿಗೆ ಲ್ಯಾಟಿನ್ ಹೆಸರನ್ನು ಕೊಟ್ಟು ಮಹೋಪಕಾರ ಮಾಡಿತು. 'ಒಂದು ಜಾತಿಯ ಗಿಡ' ಎಂದು ಬರೆಯುವ ನಾವು ಆ ನಿಘಂಟಿನಷ್ಟೂ ಮುಂದೆ ಹೋಗಿಲ್ಲವೆಂಬುದು ಲಜ್ಜೆಯ ಸಂಗತಿ.

ಈಗ ಭೂಪಟವನ್ನು ಎದುರಿಗಿಟ್ಟು ನೋಡಬೇಕು. ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಕುಕ್ ಅವರ ಗ್ರಂಥದ ವ್ಯಾಪ್ತಿಗೆ ಬಂದವು. ಬಳ್ಳಾರಿ, ದಕ್ಷಿಣ ಕನ್ನಡಗಳು ಗ್ಯಾಂಬಲ್ ಅವರ ಗ್ರಂಥಕ್ಕೆ ಸೇರಿದವು. ಇವೆರಡರ ನಡುವೆ ನಿಜಾಮರ ಹೈದರಾಬಾದು ಸಂಸ್ಥಾನದ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಹೊರಗುಳಿದವು. ಭೀಮಾನದಿಯ ಆಚೆಯ ದಡದ ಇಂಡಿ, ಸಿಂದಗಿಗಳ ಗಿಡಕ್ಕೆ ಪುಸ್ತಕವಿತ್ತು. ಈಚೆಯ ದಡದ ಅಫಜಲಪುರದ ಗಿಡಕ್ಕೆ ಇರಲಿಲ್ಲ. ನೆಲವೂ ಒಂದೇ, ಮಳೆಯೂ ಒಂದೇ, ಎರೆಮಣ್ಣೂ ಒಂದೇ. ಬೀಜವು ನದಿಯನ್ನು ದಾಟಿ ಬರುವಾಗ ಸರಕಾರದ ಅಪ್ಪಣೆಯನ್ನು ಕೇಳುವುದಿಲ್ಲ. ಪುಸ್ತಕ ಮಾತ್ರ ಗಡಿಯಲ್ಲಿ ನಿಂತಿತು.

ಹೈದರಾಬಾದು ಸಂಸ್ಥಾನದಲ್ಲಿ ಏನೂ ನಡೆಯಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಪಾರ್ಟ್ರಿಜ್ ಅವರ ಸಂಸ್ಥಾನದ ಅರಣ್ಯ ಸಸ್ಯಗಳ ಗ್ರಂಥ ೧೯೧೧ರಲ್ಲಿ ಬಂದಿತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಸಯೀದುದ್ದೀನ್ ಅವರು ಸಂಸ್ಥಾನದ ಸಾಮಾನ್ಯ ಹೂಗಿಡಗಳನ್ನು ಕುರಿತು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದರು. ಆದರೆ ಮೊದಲಿನದರ ದೃಷ್ಟಿ ಅರಣ್ಯದ ಮೇಲಿತ್ತು. ಬಹುಪಾಲು ಬಯಲಾಗಿರುವ ನಮ್ಮ ಜಿಲ್ಲೆಯ ಹೊಲ, ಹಳ್ಳ, ಗಾಯರಾಣಗಳ ಸಣ್ಣ ಸಸ್ಯಗಳು ಅಂಥ ಗ್ರಂಥಗಳ ಮುಖ್ಯ ವಸ್ತುವಲ್ಲ. ಸಂಸ್ಥಾನದ ಆಡಳಿತ ಭಾಷೆ ಉರ್ದು, ವಿಜ್ಞಾನದ ಗ್ರಂಥಗಳ ಭಾಷೆ ಇಂಗ್ಲಿಷು. ಕಲಬುರಗಿಯ ಒಕ್ಕಲಿಗನು ಗಿಡವನ್ನು ಕರೆಯುವ ಕನ್ನಡ ಹೆಸರಿಗೆ ಎರಡರಲ್ಲಿಯೂ ಸಹಜವಾದ ಸ್ಥಾನ ದೊರೆಯಲಿಲ್ಲ. ಹೀಗೆ, ಹೆಸರಿದ್ದ ಗ್ರಂಥಗಳಲ್ಲಿ ಲಕ್ಷಣವಿಲ್ಲ, ಲಕ್ಷಣವಿದ್ದ ಗ್ರಂಥಗಳಲ್ಲಿ ನಮ್ಮ ನೆಲವಿಲ್ಲ ಎಂಬ ಸ್ಥಿತಿ ಉಂಟಾಯಿತು.

೪

೧೯೪೮ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು; ೧೯೫೬ರ ನವೆಂಬರ್ ೧ರಂದು ಕಲಬುರಗಿ, ರಾಯಚೂರು, ಬೀದರಗಳು ಮೈಸೂರು ರಾಜ್ಯಕ್ಕೆ ಸೇರಿದವು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ ೧೯೫೪ರಲ್ಲಿ ಪುನರ್ವ್ಯವಸ್ಥೆಗೊಂಡು, ಗ್ಯಾಂಬಲ್ ಮತ್ತು ಕುಕ್ ಅವರ ಗ್ರಂಥಗಳನ್ನು ಕ್ರಮವಾಗಿ ೧೯೫೭ ಮತ್ತು ೧೯೫೮ರಲ್ಲಿ ಮರುಮುದ್ರಿಸಿತು. ರಾಜ್ಯ ಒಂದಾದರೂ ಸಸ್ಯಾಭ್ಯಾಸಿಗಳ ಕೈಯಲ್ಲಿ ಹಳೆಯ ಪ್ರಾಂತಗಳ ಪುಸ್ತಕಗಳೇ ಇದ್ದವು.

ಕರ್ನಾಟಕವನ್ನು ಒಂದು ನೆಲವೆಂದು ಭಾವಿಸಿದ ಗ್ರಂಥಗಳು ಬರಲು ಮತ್ತೆ ಕಾಲು ಶತಮಾನ ಬೇಕಾಯಿತು. ಸೆಸಿಲ್ ಸಲ್ಡಾನ ಮತ್ತು ನಿಕೊಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಗ್ರಂಥ ೧೯೭೬ರಲ್ಲಿ ಬಂದಿತು. ಸಲ್ಡಾನರ ಕರ್ನಾಟಕ ಸಸ್ಯಗ್ರಂಥದ ಎರಡು ಸಂಪುಟಗಳು ೧೯೮೪ ಮತ್ತು ೧೯೯೬ರಲ್ಲಿ ಪ್ರಕಟವಾದವು. ನಮ್ಮ ಭಾಗವನ್ನು ನೇರವಾಗಿ ಮುಟ್ಟಿದುದು ಎನ್. ಪಿ. ಸಿಂಗ್ ಅವರ ೧೯೮೮ರ 'ಫ್ಲೋರ ಆಫ್ ಈಸ್ಟರ್ನ್ ಕರ್ನಾಟಕ'. ೧೯೮೦ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವೇ ೨೦೦೦ದಲ್ಲಿ ವೈ. ಎನ್. ಸೀತಾರಾಮ್, ಕೆ. ಕೋಟ್ರೇಶ, ಎಸ್. ಬಿ. ಉಪ್ಳಾಂವಕರ ಇವರ 'ಫ್ಲೋರ ಆಫ್ ಗುಲಬರ್ಗಾ ಡಿಸ್ಟ್ರಿಕ್ಟ್' ಎಂಬ ಗ್ರಂಥವನ್ನು ಪ್ರಕಟಿಸಿತು. ಕುಕ್ ಅವರ ಮೊದಲ ಭಾಗ ಬಂದುದು ೧೯೦೧ರಲ್ಲಿ. ಭೀಮೆಯ ಆಚೆಯ ದಡದಿಂದ ಈಚೆಯ ದಡಕ್ಕೆ ಬರಲು ಪುಸ್ತಕಕ್ಕೆ ಸುಮಾರು ಒಂದು ನೂರು ವರ್ಷ ಹಿಡಿಯಿತು.

ಗ್ರಂಥ ಪ್ರಕಟವಾದಾಗ ಜಿಲ್ಲೆಯಲ್ಲಿ ಇಂದಿನ ಯಾದಗಿರಿಯೂ ಸೇರಿತ್ತು. ಅದು ಪ್ರತ್ಯೇಕ ಜಿಲ್ಲೆಯಾದುದು ೨೦೦೯ರ ಕೊನೆಯಲ್ಲಿ. ಕಮಲಾಪುರ ತಾಲ್ಲೂಕಾದುದು ಇನ್ನೂ ಈಚೆಗೆ. ಗಡಿಗಳು ಮತ್ತೆ ಸರಿದಿವೆ. ಪುಸ್ತಕದ ಹೆಸರನ್ನು ನೋಡಿ ವ್ಯಾಪ್ತಿಯನ್ನು ನಿರ್ಣಯಿಸುವವರು ಇದನ್ನು ನೆನಪಿನಲ್ಲಿಡಬೇಕು.

೫

ಇಂಥ ಪುಸ್ತಕವನ್ನು ಬಳಸುವ ಬಗೆಯನ್ನು ಒಂದು ಪ್ರಯೋಗದಿಂದ ತಿಳಿಯಬಹುದು. ಕುಸನೂರದ ಬದುವಿನಲ್ಲಿ ನೆಲಕ್ಕೆ ಹರಡಿದ, ರೇಷ್ಮೆಯಂಥ ರೋಮವುಳ್ಳ, ಸಣ್ಣ ನೀಲಿ ಹೂವಿನ ಗಿಡವೊಂದು ದೊರೆಯಿತೆನ್ನೋಣ. ವಿದ್ಯಾರ್ಥಿಗಳಲ್ಲಿ ಒಬ್ಬರು ಇದನ್ನು ವಿಷ್ಣುಕ್ರಾಂತಿ ಎನ್ನುವರು, ಮತ್ತೊಬ್ಬರು ಶಂಖಪುಷ್ಪಿ ಎನ್ನುವರು. ಇಬ್ಬರದೂ ತಪ್ಪಲ್ಲ. ಶಂಖಪುಷ್ಪಿಯೆಂಬ ಹೆಸರಿನಲ್ಲಿ ಉತ್ತರದಲ್ಲಿ ಕನ್ವಾಲ್ವುಲಸ್ ಪ್ರಾಸ್ಟ್ರೇಟಸ್, ಕೇರಳದಲ್ಲಿ ಕ್ಲೈಟೋರಿಯ ಟರ್ನೇಟಿಯ, ಇನ್ನು ಕೆಲವೆಡೆ ಇವಾಲ್ವುಲಸ್ ಆಲ್ಸಿನಾಯ್ಡೀಸ್ ಬಳಕೆಯಲ್ಲಿವೆ. ವಾದದಿಂದ ಇದು ತೀರದು, ಪ್ರಶ್ನಾವಳಿಯನ್ನು ಹಿಡಿಯಬೇಕು.

ದಳಗಳು ಬಿಡಿಯಾಗಿದ್ದು ಅವರೆಯ ಹೂವಿನಂತೆ ಅಸಮವಾಗಿವೆಯೆ? ಇಲ್ಲ, ಎಲ್ಲವೂ ಕೂಡಿ ಅಗಲ ಬಾಯಿಯ ಸಣ್ಣ ಬಟ್ಟಲಿನಂತಾಗಿವೆ. ಕಾಯಿ ಅವರೆಯಂಥ ಉದ್ದ ಕಾಯಿಯೆ? ಅಲ್ಲ; ದುಂಡನೆಯ ಸಣ್ಣ ಸಂಪುಟ. ಇಷ್ಟರಿಂದ ಕ್ಲೈಟೋರಿಯ ದೂರವಾಯಿತು. ಉಳಿದವೆರಡೂ ಒಂದೇ ಕುಟುಂಬದವು. ಇಲ್ಲಿ ಪುಸ್ತಕವು ಹೂವಿನ ಶಲಾಕೆಯನ್ನು ನೋಡೆನ್ನುತ್ತದೆ. ಶಲಾಕೆ ಒಂದೇ ಆಗಿದ್ದು ತುದಿಯಲ್ಲಿ ಎರಡು ಶಲಾಕಾಗ್ರಗಳಿದ್ದರೆ ಕನ್ವಾಲ್ವುಲಸ್. ಶಲಾಕೆಗಳೇ ಎರಡಿದ್ದು ಒಂದೊಂದೂ ಮತ್ತೆ ಕವಲೊಡೆದು ನಾಲ್ಕು ಎಳೆಗಳಾಗಿದ್ದರೆ ಇವಾಲ್ವುಲಸ್. ಭೂತಗನ್ನಡಿಯ ಕೆಳಗೆ ನಾಲ್ಕು ಎಳೆಗಳು ಕಂಡಾಗ ವಿವಾದ ಮುಗಿಯುವುದು. ಹೂವಿನ ಬಣ್ಣವನ್ನಾಗಲಿ ಗಿಡದ ಗಾತ್ರವನ್ನಾಗಲಿ ಪುಸ್ತಕವು ಮೊದಲು ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಬಣ್ಣ ಬಿಸಿಲಿಗೆ ಮಾಸುವುದು, ಗಾತ್ರ ಮಳೆಯನ್ನು ಅನುಸರಿಸುವುದು. ಹೂವಿನ ಅಂಗರಚನೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಆದರೆ ಪುಸ್ತಕವೂ ಮೋಸ ಮಾಡುವುದುಂಟು. ಪ್ರಶ್ನಾವಳಿಯು ತನ್ನಲ್ಲಿ ಇರುವ ಗಿಡಗಳಲ್ಲಿ ಒಂದನ್ನು ಉತ್ತರವಾಗಿ ಕೊಡುವುದೇ ಹೊರತು, 'ಈ ಗಿಡ ನನಗೆ ತಿಳಿಯದು' ಎಂದು ತಾನಾಗಿ ಹೇಳುವುದಿಲ್ಲ. ನಮ್ಮ ಹಳ್ಳಿಗರು ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ ಪುಣೆಯಲ್ಲಿ ಕಂಡುಬಂದುದು ೧೯೫೫ರಲ್ಲಿ; ವರದಿಯಾದುದು ೧೯೫೬ರಲ್ಲಿ. ಕುಕ್ ಅವರ ಪುಸ್ತಕದಲ್ಲಾಗಲಿ ಗ್ಯಾಂಬಲ್ ಅವರ ಪುಸ್ತಕದಲ್ಲಾಗಲಿ ಅದು ಇರಲು ಸಾಧ್ಯವಿಲ್ಲ. ೧೯೫೮ರ ಮರುಮುದ್ರಣವನ್ನು ಹೊಸ ಪುಸ್ತಕವೆಂದು ನಂಬಿ ಅದರ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುವವನು ಯಾವುದೋ ಬೇರೆ ಗಿಡದ ಹೆಸರಿಗೆ ಹೋಗಿ ನಿಲ್ಲುವ ಅಪಾಯವಿದೆ. ಪ್ರಶ್ನೆಗಳ ಕೊನೆಯಲ್ಲಿ ದೊರೆತ ಹೆಸರನ್ನು ಪೂರ್ಣ ವರ್ಣನೆಯೊಡನೆ ಹೋಲಿಸಬೇಕು. ಸಾಧ್ಯವಿದ್ದರೆ ಒಣಗಿಸಿಟ್ಟ ಮಾದರಿಯೊಡನೆಯೂ ಹೋಲಿಸಬೇಕು.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಜಾಲಿಯ ಮರ ಕುಕ್ ಅವರಲ್ಲಿ ಅಕೇಸಿಯ ಅರಾಬಿಕ, ಮುಂದಿನ ಗ್ರಂಥಗಳಲ್ಲಿ ಅಕೇಸಿಯ ನೈಲೋಟಿಕ, ಇಂದು ವಾಚೆಲಿಯ ನೈಲೋಟಿಕ. ಸುಮಾರು ಒಂದು ಶತಮಾನದಲ್ಲಿ ಶಾಸ್ತ್ರದ ಹೆಸರು ಎರಡು ಸಲ ಬದಲಾದರೂ ಒಕ್ಕಲಿಗನ 'ಜಾಲಿ' ಬದಲಾಗಲಿಲ್ಲ. ಹಾಗೆಂದು ದೇಶೀಯ ನಾಮವೇ ಸ್ಥಿರವೆಂದು ಹಿಗ್ಗುವಂತಿಲ್ಲ. ಅಮೆರಿಕದಿಂದ ಬಂದು ಇಂದು ಹಳ್ಳದ ದಂಡೆಗಳನ್ನು ಆಕ್ರಮಿಸಿರುವ ಮರಕ್ಕೂ ಜನರು 'ಬಳ್ಳಾರಿ ಜಾಲಿ' ಎಂದೇ ಹೆಸರಿಟ್ಟಿದ್ದಾರೆ. ಶಾಸನದ ಎಲ್ಲೆಯ ಮರವನ್ನು ಇದರೊಡನೆ ಸಮೀಕರಿಸಿದರೆ ನಗೆಪಾಟಲಾಗುವುದು. ದುಂಡನೆಯ ಹಳದಿ ಹೂಗೊಂಡೆ ಜಾಲಿಯದು. ಉದ್ದನೆಯ ತೆನೆಯಂಥ ಹೂಗೊಂಚಲು ಬಳ್ಳಾರಿ ಜಾಲಿಯದು. ಹೆಸರು ಬದಲಾಗಲಿ ಬಿಡಲಿ, ಲಕ್ಷಣವು ಎರಡನ್ನೂ ಬೇರ್ಪಡಿಸಿ ನಿಲ್ಲಿಸುತ್ತದೆ.

೬

ಇಷ್ಟು ಹೇಳಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಮೇಲೆ ಹೇಳಿದ ಪ್ರಾಂತ, ರಾಜ್ಯ, ಜಿಲ್ಲೆಗಳ ಸಸ್ಯಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ. ಸಸ್ಯಶಾಸ್ತ್ರದ ಪರಿಭಾಷೆಯನ್ನು ಬಲ್ಲವರಿಗೆ ಮಾತ್ರ ತೆರೆಯುತ್ತವೆ. ಸಸ್ಯಗಳನ್ನು ಗುರುತಿಸುವ ಆನಂದವನ್ನು ಕನ್ನಡದಲ್ಲಿಯೇ ಹೇಳಬಹುದೆಂದು ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ನಡೆಸಿದ ಕಾಡಿನ ಸಂಚಾರಗಳ ಕಥನವಾದ 'ಹಸುರು ಹೊನ್ನು' ಗ್ರಂಥದಲ್ಲಿ ತೋರಿಸಿಕೊಟ್ಟರು. ೧೯೭೬ರ ಆ ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಆದರೆ ಅದು ಸಾಹಿತ್ಯಕೃತಿ, ಪ್ರಶ್ನಾವಳಿಯ ಕೈಪಿಡಿಯಲ್ಲ. ಅದು ತೆರೆದ ದಾರಿಯಲ್ಲಿ, ಎರೆನೆಲದ ಸಾಮಾನ್ಯ ಸಸ್ಯಗಳಿಗೆ ಕನ್ನಡದಲ್ಲಿಯೇ ಪ್ರಶ್ನೆಗಳನ್ನು ರಚಿಸುವ ಕಾರ್ಯ ನಡೆಯಬೇಕು.

ಆ ಕಾರ್ಯದಲ್ಲಿ ಇತಿಹಾಸ ಹಾಗೂ ಭಾಷಾ ವಿಭಾಗಗಳಿಗೂ ಪಾಲುಂಟೆಂದು ನಮ್ಮ ಅಭಿಪ್ರಾಯ. ಸಸ್ಯಶಾಸ್ತ್ರಜ್ಞರು ಲಕ್ಷಣವನ್ನು ಕೊಟ್ಟಾರು. ಹೆಸರುಗಳನ್ನು ಹಳ್ಳಿಯವರಿಂದ ಕೇಳಿ, ಹೇಳಿದ ಊರನ್ನೂ ದಿನವನ್ನೂ ಗುರುತು ಮಾಡಿಕೊಂಡು, ಅದೇ ಗಿಡದ ಒಣಗಿಸಿದ ಮಾದರಿಯೊಡನೆ ಸೇರಿಸಿಡುವುದು ನಮ್ಮಿಂದಲೂ ಆಗತಕ್ಕ ಕೆಲಸ. ಮಾದರಿಯಿಲ್ಲದೆ ಬರೆದುಕೊಂಡ ಹೆಸರು ಮತ್ತೊಂದು ಬ್ರಹ್ಮದಂಡೆಯಾಗುವುದು. ಕಳೆ ಕೀಳುವ ಹೆಣ್ಣುಮಕ್ಕಳಿಗೂ ದನ ಕಾಯುವ ಮುದುಕರಿಗೂ ತಿಳಿದಿರುವ ಹೆಸರುಗಳು ಬಹಳ. ಹೊಲಕ್ಕೆ ಕಳೆನಾಶಕ ಬಂದ ಮೇಲೆ ಕಳೆಯ ಹೆಸರನ್ನು ಮಕ್ಕಳಿಗೆ ಹೇಳುವ ಸಂದರ್ಭವೇ ಕಡಮೆಯಾಗುತ್ತಿದೆ. ಗಿಡ ಉಳಿದರೂ ಹೆಸರು ಹೋದೀತು.

ಮುಂದಿನ ಸಂಪಾದಕರು ಸಸ್ಯನಾಮ ಬಂದಲ್ಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು: ಈ ಗಿಡ ಗ್ರಂಥದ ಕಾಲದಲ್ಲಿ ಈ ನೆಲದಲ್ಲಿತ್ತೆ? ಈ ಹೆಸರು ಗ್ರಂಥ ಹುಟ್ಟಿದ ಪ್ರದೇಶದಲ್ಲಿ ಯಾವ ಯಾವ ಗಿಡಗಳಿಗೆ ಸಲ್ಲುತ್ತಿತ್ತು? ಗ್ರಂಥದಲ್ಲಿ ಹೇಳಿದ ಲಕ್ಷಣ, ಅದೆಷ್ಟೇ ಅಲ್ಪವಾಗಿರಲಿ, ಕೈಯಲ್ಲಿರುವ ಗಿಡಕ್ಕೆ ಒಪ್ಪುವುದೆ? ಮೂರಕ್ಕೂ ಉತ್ತರ ದೊರೆಯದಿದ್ದಲ್ಲಿ 'ನಿರ್ಣಯವಾಗಿಲ್ಲ' ಎಂದು ಬರೆಯುವುದು ಪ್ರಾಮಾಣಿಕತೆ. 'ಒಂದು ಜಾತಿಯ ಗಿಡ' ಎಂದು ಬರೆಯುವುದು ನಿರ್ಣಯವಾಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಎರಡರ ನಡುವಿನ ಅಂತರವನ್ನು ಕುಸನೂರದ ಬದುವಿನ ಒಂದು ಸಣ್ಣ ನೀಲಿ ಹೂವು ನಮಗೆ ಕಲಿಸಿತು.